ಬರೆಯುವವರು ಪ್ರೇಮ ಕಾದಂಬರಿ ಓದುವ ಬಗೆ

ಪ್ರೇಮ ಕಾದಂಬರಿ ಬರೆಯಲು ಕೂತವರು ಸಾಮಾನ್ಯವಾಗಿ ಅಂಥ ಪುಸ್ತಕಗಳನ್ನು ರಾಶಿ ರಾಶಿ ಓದಿದವರೇ ಆಗಿರುತ್ತಾರೆ. ಆದರೂ ಎಷ್ಟೋ ಕರಡುಗಳು ಎಂಟನೆಯದೋ ಹತ್ತನೆಯದೋ ಅಧ್ಯಾಯದಲ್ಲಿ ನಿಂತುಹೋಗುತ್ತವೆ. ಅಷ್ಟರಲ್ಲಿ ಇಬ್ಬರಿಗೂ ಪ್ರೀತಿ ಹುಟ್ಟಿಯಾಗಿದೆ, ಓದುವವರಿಗೂ ಅದು ಗೊತ್ತಾಗಿದೆ, ಅವರು ಒಂದಾಗದೆ ಉಳಿಯಲು ಕಾರಣವೇ ಇಲ್ಲ. ಮುಂದಿನ ನೂರೈವತ್ತು ಪುಟಕ್ಕೆ ಬರೆಯುವವರ ಕೈಯಲ್ಲಿ ಮಳೆ, ಕಾಫಿ, ಜ್ವರ, ಒಂದು ಅಪಘಾತ ಇಷ್ಟೇ ಇರುತ್ತದೆ.

ಬೇರೆಯವರ ಪುಸ್ತಕ ಓದಿ ಕಲಿಯಬೇಕಾದ ಮುಖ್ಯ ಸಂಗತಿ ಇಲ್ಲೇ ಇದೆ. ಪ್ರತಿ ಅಧ್ಯಾಯ ಮುಗಿದಾಗಲೂ ಒಂದು ಪ್ರಶ್ನೆ ಹಾಕಿಕೊಳ್ಳಿ: ಇವರಿಬ್ಬರು ಇವತ್ತೇ ಯಾಕೆ ಒಂದಾಗುತ್ತಿಲ್ಲ? ಒಳ್ಳೆಯ ಕಾದಂಬರಿಯಲ್ಲಿ ಯಾವ ಅಧ್ಯಾಯದ ಕೊನೆಗೂ ಇದಕ್ಕೆ ಗಟ್ಟಿ ಉತ್ತರ ಸಿಗುತ್ತದೆ, ಆ ಉತ್ತರ ಅಧ್ಯಾಯದಿಂದ ಅಧ್ಯಾಯಕ್ಕೆ ಬದಲಾಗುತ್ತದೆ. ಉತ್ತರವೇ ಸಿಗದ ಪುಟಗಳಲ್ಲಿ ನೀವು ಓದುಗರಾಗಿ ಆಕಳಿಸಿರುತ್ತೀರಿ.

ಏನು ಓದಬೇಕು

ಒಂದು ಸುತ್ತಿಗೆ ಆರು ಪುಸ್ತಕ ಸಾಕು. ನೀವು ಬರೆಯಬೇಕೆಂದಿರುವ ಬಗೆಯವೇ ಆದ, ಈಚಿನ ಮೂರ್ನಾಲ್ಕು ವರ್ಷದಲ್ಲಿ ಬಂದ ಎರಡು. ಮೂವತ್ತು ನಲವತ್ತು ವರ್ಷಕ್ಕೂ ಹಿಂದಿನ ಎರಡು ಕನ್ನಡ ಕಾದಂಬರಿ. ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು ಆಮೇಲೆ ಪುಸ್ತಕವಾದದ್ದಾದರೆ ಇನ್ನೂ ಒಳ್ಳೆಯದು. ಬೇರೆ ಭಾಷೆಯದೊಂದು. ಆರನೆಯದು ನಿಮಗೆ ಹಿಡಿಸದೆ ಅರ್ಧಕ್ಕೆ ಬಿಟ್ಟ ಪುಸ್ತಕ. ಈ ಆರನೆಯದನ್ನು ಬಿಡಬೇಡಿ. ಚೆನ್ನಾಗಿ ಬರೆದ ಪುಸ್ತಕದಲ್ಲಿ ಹೊಲಿಗೆ ಕಾಣುವುದೇ ಇಲ್ಲ, ಬಿಚ್ಚಿಹೋದ ಕಡೆಯಲ್ಲಿ ಕಾಣುತ್ತದೆ.

ಆರೂ ಒಬ್ಬರೇ ಲೇಖಕರದಾಗಬಾರದು. ಒಬ್ಬರದೇ ನಾಲ್ಕು ಪುಸ್ತಕ ಒಟ್ಟಿಗೆ ಓದಿದರೆ ಅವರ ವಾಕ್ಯದ ಓಟ ನಿಮ್ಮ ಕೈಗೆ ಅಂಟಿಕೊಳ್ಳುತ್ತದೆ, ಬಿಡಿಸಿಕೊಳ್ಳಲು ತಿಂಗಳುಗಳು ಬೇಕು.

ಆಯ್ಕೆ ಮಾಡುವಾಗಲೇ ಆ ಪುಸ್ತಕ ಓದುಗರಿಗೆ ಯಾವ ಮಾತು ಕೊಡುತ್ತದೆ ಎಂದು ಗುರುತಿಸಿಕೊಳ್ಳಿ. ಇಂಗ್ಲಿಷ್ ಪ್ರಕಾಶಕರ 'ರೊಮಾನ್ಸ್' ವಿಭಾಗಕ್ಕೆ ಕಟ್ಟುನಿಟ್ಟಾದ ನಿಯಮವಿದೆ: ಪ್ರೇಮಕಥೆಯೇ ನಡುಮನೆಯಲ್ಲಿರಬೇಕು, ಕೊನೆ ತೃಪ್ತಿಯನ್ನೂ ಭರವಸೆಯನ್ನೂ ಕೊಡಬೇಕು. ಕನ್ನಡದ ಪ್ರೇಮ ಕಾದಂಬರಿ ಈ ನಿಯಮಕ್ಕೆ ಎಂದೂ ಪೂರ್ತಿ ಒಳಪಟ್ಟಿಲ್ಲ. ತ್ರಿವೇಣಿಯವರ 'ಬೆಳ್ಳಿಮೋಡ'ದಲ್ಲಿ ಆಸ್ತಿ ಕೈತಪ್ಪಿತೆಂದು ಮದುವೆಯಿಂದ ಹಿಂದೆ ಸರಿದ ಗಂಡು ಕೊನೆಗೆ ಮನಸ್ಸು ಬದಲಾಯಿಸಿ ಬಂದಾಗ ಹೆಣ್ಣು ಒಪ್ಪುವುದಿಲ್ಲ. ಪುಟ್ಟಣ್ಣ ಕಣಗಾಲ್ 1967ರಲ್ಲಿ ಅದನ್ನು ಸಿನಿಮಾ ಮಾಡಿದಾಗಲೂ ಆ ನಿರಾಕರಣೆ ಉಳಿಯಿತು. ಅದು ಮೋಸವೆನಿಸದಿರಲು ಕಾರಣ, ಆಕೆಯ ಆತ್ಮಗೌರವದ ಪ್ರಶ್ನೆ ಮೊದಲಿನಿಂದಲೇ ಕಥೆಯೊಳಗೆ ಇದೆ. ಹಾಗಾಗಿ ಕೊನೆಯ ಪುಟ ಓದಿದ ಮೇಲೆ ಮೊದಲ ಇಪ್ಪತ್ತು ಪುಟಕ್ಕೆ ಹಿಂತಿರುಗಿ, ಈ ಕೊನೆಗೆ ಬೀಜ ಎಲ್ಲಿ ಬಿದ್ದಿದೆ ಎಂದು ಹುಡುಕಿ. ಸಿಕ್ಕಿದ ಸಾಲಿನ ಪುಟಸಂಖ್ಯೆ ಬರೆದಿಟ್ಟುಕೊಳ್ಳಿ.

ಎರಡು ಸಲ ಓದುವುದು

ಮೊದಲ ಓದಿನಲ್ಲಿ ಕೈಯಲ್ಲಿ ಪೆನ್ಸಿಲ್ ಮಾತ್ರ. ಎದೆ ಹೊಡೆದುಕೊಂಡ ಕಡೆ ಅಂಚಿನಲ್ಲೊಂದು ಗೀಟು, ಸಾಲು ಹಾರಿಸಿ ಓದಿದ ಕಡೆ ಒಂದು ಕತ್ತರಿ ಗುರುತು. ಟಿಪ್ಪಣಿ, ವಿಶ್ಲೇಷಣೆ ಏನೂ ಬೇಡ. ಲೈಬ್ರರಿ ಪುಸ್ತಕವಾದರೆ ಕಾಗದದ ಚೀಟಿ ಇಡಿ. ಈ ಗುರುತುಗಳು ಓದುಗರಾಗಿ ನಿಮ್ಮ ಪ್ರಾಮಾಣಿಕ ಪ್ರತಿಕ್ರಿಯೆ, ಅದು ಎರಡನೇ ಓದಿನಲ್ಲಿ ಮತ್ತೆ ಸಿಗುವುದಿಲ್ಲ.

ಒಂದು ವಾರ ಬಿಟ್ಟು ಎರಡನೇ ಓದು. ಈಗ ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಆರು ಕಂಬ ಎಳೆಯಿರಿ: ಅಧ್ಯಾಯ ಮತ್ತು ಪುಟ, ಯಾರ ಕಣ್ಣಿನಿಂದ ಹೇಳಿದೆ, ಜೋಡಿ ಒಂದೇ ಜಾಗದಲ್ಲಿದೆಯೇ, ಅಧ್ಯಾಯದ ಕೊನೆಗೆ ಅಡ್ಡಿ ಏನು, ಒಬ್ಬರ ಬಗ್ಗೆ ಇನ್ನೊಬ್ಬರಿಗೆ ಹೊಸದಾಗಿ ಏನು ಗೊತ್ತಾಯಿತು, ನಿಮ್ಮ ಗೀಟು ಅಥವಾ ಕತ್ತರಿ ಗುರುತು. ಒಂದು ಅಧ್ಯಾಯಕ್ಕೆ ಒಂದೇ ಸಾಲು. ಒಂದು ಸಾಲಿನಲ್ಲಿ ಹಿಡಿಸದಿದ್ದರೆ ನೀವು ಕಥೆಯ ಸಾರಾಂಶ ಬರೆಯಲು ಶುರುಮಾಡಿದ್ದೀರಿ ಎಂದರ್ಥ. ಸಾರಾಂಶದಿಂದ ಇಲ್ಲಿ ಯಾವ ಉಪಯೋಗವೂ ಇಲ್ಲ.

ಆರೂ ಪುಸ್ತಕ ತುಂಬಿದ ಮೇಲೆ ಐದನೇ ಕಂಬವನ್ನು ಮಾತ್ರ ಮೇಲಿನಿಂದ ಕೆಳಗೆ ಓದಿ. ಗೀಟು ಬಿದ್ದ ಅಧ್ಯಾಯಗಳಲ್ಲಿ ಅದು ಖಾಲಿ ಇರುವುದು ತೀರಾ ಅಪರೂಪ. ಕತ್ತರಿ ಬಿದ್ದ ಕಡೆ ಮೇಲಿಂದ ಮೇಲೆ ಖಾಲಿ ಇರುತ್ತದೆ. ಇಬ್ಬರೂ ಜೊತೆಗಿದ್ದಾರೆ, ನಗುತ್ತಾರೆ, ಹೋಟೆಲಿನಲ್ಲಿ ದೋಸೆ ತಿನ್ನುತ್ತಾರೆ, ಆದರೆ ಒಬ್ಬರ ಬಗ್ಗೆ ಒಬ್ಬರಿಗೆ ಹೊಸದೇನೂ ತಿಳಿಯುವುದಿಲ್ಲ. ಪ್ರೀತಿಯ ದೃಶ್ಯ ಸಪ್ಪೆಯಾಗುವುದು ಹೆಚ್ಚಾಗಿ ಈ ಕಾರಣಕ್ಕೆ. ಶೃಂಗಾರ ಸಾಲದು ಎಂದುಕೊಂಡು ವರ್ಣನೆ ಸೇರಿಸಿದರೆ ಇನ್ನಷ್ಟು ಸಪ್ಪೆಯಾಗುತ್ತದೆ.

ಯಾವುದು ಎಷ್ಟನೇ ಭಾಗದಲ್ಲಿ

ಮುಖ್ಯ ತಿರುವಿನ ಅಧ್ಯಾಯ ಸಂಖ್ಯೆಯನ್ನು ಒಟ್ಟು ಅಧ್ಯಾಯಗಳಿಂದ ಭಾಗಿಸಿ ನೂರರಿಂದ ಗುಣಿಸಿ. ಅಧ್ಯಾಯಗಳ ಉದ್ದ ಒಂದೇ ಸಮ ಇರುವುದಿಲ್ಲವಾದ್ದರಿಂದ ಇದು ಅಂದಾಜು ಲೆಕ್ಕ. ಇನ್ನೂ ನಿಖರವಾಗಿ ಬೇಕಾದರೆ ಪುಟಸಂಖ್ಯೆಯಿಂದ ಮಾಡಿ.

ಜೇನ್ ಆಸ್ಟಿನ್ ಅವರ 'ಪ್ರೈಡ್ ಅಂಡ್ ಪ್ರೆಜುಡಿಸ್' 1813ರಲ್ಲಿ ಮೂರು ಸಂಪುಟವಾಗಿ ಬಂತು, ಒಟ್ಟು 61 ಅಧ್ಯಾಯ. ಎಲಿಜಬೆತ್ ಮತ್ತು ಡಾರ್ಸಿ 3ನೇ ಅಧ್ಯಾಯದ ನೃತ್ಯಕೂಟದಲ್ಲಿ ಎದುರಾಗುತ್ತಾರೆ, ಅಂದರೆ ಶೇ 5ರಲ್ಲಿ. ಅವನು ಮೊದಲ ಸಲ ಮದುವೆಯ ಮಾತೆತ್ತಿ ಬೈಸಿಕೊಳ್ಳುವುದು 34ರಲ್ಲಿ, ಸುಮಾರು ಶೇ 56. ಅವನ ಮನೆ ಪೆಂಬರ್ಲಿಗೆ ಅವಳು ಹೋಗುವುದು 43ರಲ್ಲಿ, ಶೇ 70. ಎರಡನೇ ಸಲ ಕೇಳಿ ಒಪ್ಪಿಗೆ ಪಡೆಯುವುದು 58ರಲ್ಲಿ, ಶೇ 95. ಷಾರ್ಲೆಟ್ ಬ್ರಾಂಟೆಯ 'ಜೇನ್ ಐರ್' (1847) 38 ಅಧ್ಯಾಯದ್ದು. ನಾಯಕ ರಾಚೆಸ್ಟರ್ ಜೇನ್ ಮುಂದೆ ಮದುವೆಯ ಮಾತೆತ್ತುವುದು 23ರಲ್ಲಿ, ಅಂದರೆ ಶೇ 61. ಮದುವೆ ನಿಂತುಹೋಗುವುದು 26ರಲ್ಲಿ, ಶೇ 68. ಅವಳು ಅವನಲ್ಲಿಗೆ ಮರಳುವುದು 37ರಲ್ಲಿ, ಶೇ 97.

ಎರಡೂ ಕಡೆ ಪ್ರೇಮ ನಿವೇದನೆ ನಡುವಿಗಿಂತ ಸ್ವಲ್ಪ ಆಚೆ ಬಂದಿದೆ, ಎರಡೂ ಕಡೆ ಅದರಿಂದ ಕೆಲಸ ಕೆಟ್ಟಿದೆ. ಹೊಸಬರು ನಿವೇದನೆಯನ್ನು ಕೊನೆಗೆ ಎತ್ತಿಡುತ್ತಾರೆ. ನಡುವೆಯೇ ಹೇಳಿಸಿ, ಹೇಳಿದ್ದರಿಂದಲೇ ದೂರ ಹೆಚ್ಚುವಂತೆ ಮಾಡಿದರೆ ಉಳಿದರ್ಧಕ್ಕೆ ಇಂಧನ ಸಿಗುತ್ತದೆ.

ಮೊದಲ ಭೇಟಿ ಬೇಗ ಬರಬೇಕು ಎಂಬ ಸಲಹೆಯನ್ನು ಎಲ್ಲರೂ ಕೊಡುತ್ತಾರೆ. 200 ಪುಟದ ಪುಸ್ತಕದಲ್ಲಿ ಇಪ್ಪತ್ತನೇ ಪುಟದೊಳಗೆ ಎಂದು ಇಟ್ಟುಕೊಂಡರೆ ತಪ್ಪಿಲ್ಲ. ಆದರೆ 'ಜೇನ್ ಐರ್'ನಲ್ಲಿ ರಾಚೆಸ್ಟರ್ ಕಾಣಿಸಿಕೊಳ್ಳುವುದು 12ನೇ ಅಧ್ಯಾಯದಲ್ಲಿ, ಅಧ್ಯಾಯಗಳ ಲೆಕ್ಕದಲ್ಲಿ ಪುಸ್ತಕದ ಮೂರನೇ ಒಂದು ಭಾಗ ಹತ್ತಿರ ಹತ್ತಿರ ಮುಗಿದ ಮೇಲೆ. ಆಸ್ಟಿನ್ ಅವರದೇ 'ಪರ್ಸುಯೇಶನ್'ನ 24 ಅಧ್ಯಾಯಗಳಲ್ಲಿ ನಾಯಕ ವೆಂಟ್‌ವರ್ತ್ ಎದುರಿಗೆ ಬರುವುದು 7ರಲ್ಲಿ. ಈ ತಡ ಯಾಕೆ ಕೂತುಕೊಳ್ಳುತ್ತದೆ ಎಂದು ನೋಡಬೇಕು. 'ಪರ್ಸುಯೇಶನ್'ನ 4ನೇ ಅಧ್ಯಾಯದಲ್ಲೇ ಎಂಟು ವರ್ಷದ ಹಿಂದೆ ಮುರಿದುಬಿದ್ದ ನಿಶ್ಚಯದ ಕಥೆ ಹೇಳಿಯಾಗಿರುತ್ತದೆ, ಅವನು ಬರುವ ಮೊದಲೇ ಓದುಗರು ಅವನಿಗಾಗಿ ಬಾಗಿಲು ನೋಡುತ್ತಿರುತ್ತಾರೆ. 'ಜೇನ್ ಐರ್' ಒಬ್ಬ ಅನಾಥ ಹುಡುಗಿ ತನ್ನ ಬದುಕನ್ನು ತಾನೇ ಹೇಳುವ ಪುಸ್ತಕ. ಅವನು ಬರುವ ಹೊತ್ತಿಗೆ ಅವಳ ಹಸಿವು ಎಂಥದ್ದೆಂದು ನಮಗೆ ಗೊತ್ತಿರುತ್ತದೆ. ತಡ ಮಾಡುವುದಾದರೆ ಆ ಜಾಗಕ್ಕೆ ಇಂಥದ್ದೊಂದು ಗಟ್ಟಿ ವಸ್ತು ಬೇಕು.

ಈ ಶೇಕಡಾವಾರನ್ನು ಅಚ್ಚಿನಂತೆ ಬಳಸಬೇಡಿ. ನಿಮ್ಮ ಕರಡು ಎಲ್ಲಿ ಸೊರಗಿದೆ ಎಂದು ಪತ್ತೆಹಚ್ಚಲು ಮಾತ್ರ ಇದು.

ಅಡ್ಡಿಯನ್ನು ತೂಗುವುದು

ನಾಲ್ಕನೇ ಕಂಬದಲ್ಲಿ ಬರೆದ ಅಡ್ಡಿಗಳನ್ನು ಎರಡು ಗುಂಪು ಮಾಡಿ. ಹೊರಗಿನಿಂದ ಬಂದದ್ದು: ಜಾತಿ, ಸಾಲ, ಕೂಡದ ಜಾತಕ, ತಂಗಿಯ ಮದುವೆ ಆಗುವ ತನಕ ತಾನು ಆಗುವಂತಿಲ್ಲವೆಂಬ ಅಣ್ಣನ ಕಟ್ಟುಪಾಡು, ಅಮೆರಿಕದ ಕೆಲಸ. ಒಳಗಿನದು: ಅಹಂಕಾರ, ಹಳೆಯ ಏಟು, ನನ್ನನ್ನು ಯಾರು ಮೆಚ್ಚುತ್ತಾರೆ ಎಂಬ ಕೀಳರಿಮೆ, ಅಮ್ಮನಿಗೆ ಎದುರಾಡಲಾಗದ ಸ್ವಭಾವ.

ಹೊರಗಿನ ಅಡ್ಡಿ ಮಾತ್ರ ಇದ್ದರೆ ಜೋಡಿ ಸುಮ್ಮನೆ ಕಾಯುತ್ತಾ ಕೂರುತ್ತದೆ. ಅಪ್ಪ ಒಪ್ಪಿದ ದಿನ ಕಥೆ ಮುಗಿಯುತ್ತದೆ, ಒಪ್ಪಿದ್ದಕ್ಕೆ ಇವರು ಏನೂ ಮಾಡಿರುವುದಿಲ್ಲ. ಒಳಗಿನದು ಮಾತ್ರ ಇದ್ದರೆ ಪುಟಗಟ್ಟಲೆ ಯೋಚನೆ ಬೆಳೆಯುತ್ತದೆ. ಗಟ್ಟಿ ಪುಸ್ತಕಗಳಲ್ಲಿ ಹೊರಗಿನ ಪೆಟ್ಟು ಒಳಗಿನ ಗಂಟಿನ ಮೇಲೇ ಬೀಳುತ್ತದೆ. ಅಂತರ್ಜಾತಿ ಮದುವೆಯ ಕಥೆಯನ್ನೇ ತೆಗೆದುಕೊಳ್ಳಿ. ಹುಡುಗನ ಮನೆಯವರ ವಿರೋಧ ಎಲ್ಲ ಪುಸ್ತಕದಲ್ಲೂ ಇರುತ್ತದೆ. ನೆನಪಿನಲ್ಲಿ ಉಳಿಯುವ ಪುಸ್ತಕದಲ್ಲಿ, ಆ ವಿರೋಧ ಬಂದ ಗಳಿಗೆಯಲ್ಲಿ ತಾನು ಅಂದುಕೊಂಡಷ್ಟು ಧೈರ್ಯವಂತನಲ್ಲ ಎಂಬುದು ಹುಡುಗನಿಗೂ, ಅವನನ್ನು ನೋಡುತ್ತಾ ನಿಂತ ಹುಡುಗಿಗೂ ಒಟ್ಟಿಗೆ ತಿಳಿಯುತ್ತದೆ. ಆಮೇಲೆ ಮನೆಯವರು ಒಪ್ಪಿದರೂ ಇವರಿಬ್ಬರ ನಡುವಿನ ಲೆಕ್ಕ ಬಾಕಿ ಉಳಿಯುತ್ತದೆ.

ಇನ್ನೊಂದು ಪರೀಕ್ಷೆ ತೀರಾ ಸರಳ: ಈ ಅಡ್ಡಿ ಒಂದು ಫೋನ್ ಕಾಲ್‌ನಿಂದ ಬಗೆಹರಿಯುತ್ತದೆಯೇ? ಹಳೆಯ ಕಾದಂಬರಿಗಳಲ್ಲಿ ಪತ್ರ ಕೈತಪ್ಪುತ್ತಿತ್ತು, ಟ್ರಂಕ್ ಕಾಲ್ ಸಿಗುತ್ತಿರಲಿಲ್ಲ, ಊರು ಬಿಟ್ಟವರ ವಿಳಾಸ ಗೊತ್ತಾಗುತ್ತಿರಲಿಲ್ಲ. ಆ ಕಾಲಕ್ಕೆ ಅದು ನಂಬುವಂಥದ್ದೇ. ಇವತ್ತಿನ ಬೆಂಗಳೂರಿನಲ್ಲಿ ನಡೆಯುವ ಕಥೆಗೆ ಅದನ್ನೇ ತಂದರೆ ಓದುಗರು ಮೂರನೇ ಪುಟದಲ್ಲಿ 'ಒಂದು ಮೆಸೇಜ್ ಹಾಕಬಾರದಿತ್ತೇ' ಎನ್ನುತ್ತಾರೆ. ತಪ್ಪುತಿಳಿವಳಿಕೆಯನ್ನು ಬಳಸಲೇಬೇಕೆಂದರೆ, ಕೇಳಲು ಅವಕಾಶವಿದ್ದರೂ ಕೇಳದಂತೆ ತಡೆಯುವ ಸ್ವಭಾವವನ್ನು ಮೊದಲೇ ಕಟ್ಟಿರಬೇಕು.

ಒಂದು ದೃಶ್ಯವನ್ನು ಬಿಚ್ಚಿ ನೋಡುವುದು

ಆರು ಪುಸ್ತಕಕ್ಕೂ ಕೋಷ್ಟಕ ಮಾಡಿದ ಮೇಲೆ ಪ್ರತಿಯೊಂದರಲ್ಲೂ ಗೀಟು ಬಿದ್ದ ಒಂದು ದೃಶ್ಯ ಆರಿಸಿ. ಆ ಪುಟಗಳ ನಕಲು ತೆಗೆಸಿ, ಮೂರು ಬಣ್ಣದ ಪೆನ್ಸಿಲ್ ಹಿಡಿಯಿರಿ. ನೇರ ಮಾತಿಗೆ ಕೆಂಪು, ಲೇಖಕರು ತಮ್ಮ ಮಾತಿನಲ್ಲಿ ಸಂಗ್ರಹಿಸಿ ಹೇಳಿದ್ದಕ್ಕೆ ನೀಲಿ, ಮೈಯ ಚಲನೆಗೂ ಮೌನಕ್ಕೂ ಹಸಿರು.

'ಪ್ರೈಡ್ ಅಂಡ್ ಪ್ರೆಜುಡಿಸ್'ನ 34ನೇ ಅಧ್ಯಾಯಕ್ಕೆ ಇದನ್ನು ಮಾಡಿ ನೋಡಿದರೆ ಕಣ್ಣು ತೆರೆಯುತ್ತದೆ. ಹಿಂದಿನ ಅಧ್ಯಾಯದಲ್ಲಿ ಎಲಿಜಬೆತ್‌ಗೆ ಒಂದು ಸುದ್ದಿ ಸಿಕ್ಕಿದೆ: ಅವಳ ಅಕ್ಕನನ್ನು, ಅಕ್ಕ ಮೆಚ್ಚಿದ್ದ ಬಿಂಗ್ಲಿಯಿಂದ ದೂರ ಮಾಡಿದ್ದು ಅವನ ಗೆಳೆಯ ಡಾರ್ಸಿಯೇ. ತಲೆನೋವೆಂದು ಚಹಾಕೂಟಕ್ಕೆ ಹೋಗದೆ ಒಬ್ಬಳೇ ಕೂತು ಅಕ್ಕನ ಪತ್ರಗಳನ್ನೆಲ್ಲ ಮತ್ತೆ ಓದುತ್ತಿದ್ದಾಳೆ. ಅಂದರೆ ಅವನು ಒಳಗೆ ಬರುವ ಮೊದಲೇ ಅವಳ ಕೋಪ ಕಾದಿದೆ. ಗಂಟೆ ಬಾರಿಸಿದಾಗ ಬೇರೆ ಯಾರೋ ಬಂದರೆಂದು ಅವಳು ಭಾವಿಸುತ್ತಾಳೆ. ಡಾರ್ಸಿ ಬರುತ್ತಾನೆ, ಆರೋಗ್ಯ ವಿಚಾರಿಸುತ್ತಾನೆ, ಕೂರುತ್ತಾನೆ, ಏಳುತ್ತಾನೆ, ಅತ್ತಿತ್ತ ನಡೆಯುತ್ತಾನೆ, ಹಲವು ನಿಮಿಷ ಮಾತಿಲ್ಲ. ಇಲ್ಲಿಯವರೆಗೆ ಪುಟ ಬಹುಪಾಲು ಹಸಿರು.

ಆಮೇಲೆ ಅವನ ಪ್ರೀತಿಯ ಮಾತು ಕೆಂಪಿನಲ್ಲಿ ಬರುತ್ತದೆ, ಬರೀ ಕೆಲವೇ ಸಾಲು. ಮುಂದಿನದು, ಅಂದರೆ ಅವಳ ಮನೆತನ ಕೀಳು, ತನ್ನ ವಿವೇಕ ಬೇಡವೆಂದರೂ ಮನಸ್ಸು ಕೇಳಲಿಲ್ಲ ಎಂಬ ಉದ್ದನೆಯ ಭಾಷಣ, ಅಷ್ಟೂ ನೀಲಿ. ಆಸ್ಟಿನ್ ಅದನ್ನು ಅವನ ಬಾಯಲ್ಲಿ ಹೇಳಿಸದೆ ತಾವೇ ಸಂಗ್ರಹಿಸಿ ಹೇಳಿಬಿಡುತ್ತಾರೆ. ಅವಳು ಉತ್ತರಿಸಲು ಶುರುಮಾಡಿದ ಕೂಡಲೇ ಪುಟ ಮತ್ತೆ ಕೆಂಪಾಗುತ್ತದೆ, ಜಗಳ ಪೂರ್ತಿ ನೇರ ಮಾತಿನಲ್ಲಿ. ಪ್ರೀತಿ ಹೇಳಿಕೊಳ್ಳುವುದಕ್ಕಿಂತ ಜಗಳಕ್ಕೆ ಹೆಚ್ಚು ಜಾಗ ಸಿಕ್ಕಿದೆ. 58ನೇ ಅಧ್ಯಾಯದಲ್ಲಿ ಅವಳು ಕೊನೆಗೂ ಒಪ್ಪುವಾಗ ಅವಳ ಒಪ್ಪಿಗೆಯ ಮಾತೂ ನೀಲಿಯೇ. ಅವಳು ಏನೆಂದಳು ಎಂದು ನಮಗೆ ಕೇಳಿಸುವುದಿಲ್ಲ, ಅವಳ ಮನಸ್ಸು ಬದಲಾಗಿದೆಯೆಂದು ಅವನಿಗೆ ತಿಳಿಸಿದಳು ಎಂದಷ್ಟೇ ಗೊತ್ತಾಗುತ್ತದೆ.

ಇದರಿಂದ ಕಲಿಯುವುದು ಬಹಳ ಉಪಯುಕ್ತವಾದ ಒಂದು ಹತೋಟಿ. ಓದುಗರಿಗೆ ಮೊದಲೇ ಗೊತ್ತಿರುವ ಭಾವನೆಯನ್ನು ನೇರ ಮಾತಿನಲ್ಲಿ ಉದ್ದ ಬೆಳೆಸಿದರೆ ನಾಟಕದ ಸಂಭಾಷಣೆಯಂತಾಗುತ್ತದೆ. ಘರ್ಷಣೆಯನ್ನು ಪೂರ್ತಿ ಕೇಳಿಸಿ, ಒಪ್ಪಿಗೆಯನ್ನು ಚಿಕ್ಕದಾಗಿ ಹೇಳಿ.

ಇನ್ನೂ ಒಂದಿದೆ. ಆ ಜಗಳದಲ್ಲಿ ಅವಳು ಹೊರಿಸುವ ಎರಡು ದೊಡ್ಡ ಆರೋಪಗಳು ಅಕ್ಕನ ವಿಷಯ ಮತ್ತು ಡಾರ್ಸಿಯಿಂದ ತನಗೆ ಅನ್ಯಾಯವಾಯಿತೆಂದು ಅವಳಲ್ಲಿ ಹೇಳಿಕೊಂಡಿದ್ದ ವಿಕಮ್‌ನ ವಿಷಯ. 35ನೇ ಅಧ್ಯಾಯದ ಅವನ ಪತ್ರ ಇವೆರಡಕ್ಕೇ ಉತ್ತರ. 36ರಲ್ಲಿ ಅವಳು ಆ ಪತ್ರವನ್ನು ಮತ್ತೆ ಮತ್ತೆ ಓದಿ ತನ್ನ ತಪ್ಪು ಕಂಡುಕೊಳ್ಳುತ್ತಾಳೆ. ಜಗಳದಲ್ಲಿ ಎಸೆದ ಮಾತೊಂದೂ ವ್ಯರ್ಥವಾಗಿಲ್ಲ. ನಿಮ್ಮ ಕರಡಿನ ದೊಡ್ಡ ಜಗಳದಲ್ಲಿ ಬಂದ ಆರೋಪಗಳನ್ನು ಒಂದು ಚೀಟಿಯಲ್ಲಿ ಬರೆದು, ಪ್ರತಿಯೊಂದಕ್ಕೂ ಮುಂದೆ ಎಲ್ಲಿ ಉತ್ತರ ಸಿಗುತ್ತದೆ ಎಂದು ಪುಟ ನಮೂದಿಸಿ. ಉತ್ತರವಿಲ್ಲದ ಆರೋಪವನ್ನು ಹೊಡೆದುಹಾಕಿ, ಇಲ್ಲವೇ ಉತ್ತರ ಬರೆಯಿರಿ.

ಕರೆಯುವ ರೀತಿ

ಈ ಒಂದು ವಿಷಯವನ್ನು ಇಂಗ್ಲಿಷ್ ಪುಸ್ತಕಗಳಿಂದ ಕಲಿಯಲು ಬರುವುದಿಲ್ಲ, ಕನ್ನಡ ಕಾದಂಬರಿಗಳನ್ನೇ ಓದಬೇಕು. ಇಬ್ಬರ ನಡುವಿನ ದೂರ ನಮ್ಮ ಭಾಷೆಯಲ್ಲಿ ಪ್ರತಿ ಕ್ರಿಯಾಪದದ ತುದಿಯಲ್ಲೂ ಕಾಣುತ್ತದೆ. ಎರಡನೇ ಓದಿನಲ್ಲಿ ಒಂದು ಪ್ರತ್ಯೇಕ ಹಾಳೆ ಇಟ್ಟು, ಯಾರು ಯಾರನ್ನು ಏನೆಂದು ಕರೆಯುತ್ತಾರೆ, ಅದು ಯಾವ ಪುಟದಲ್ಲಿ ಬದಲಾಗುತ್ತದೆ ಎಂದು ಗುರುತಿಸಿ. 'ನೀವು' ಇದ್ದದ್ದು ಮೊದಲ ಸಲ 'ನೀನು' ಆದದ್ದು ಎಲ್ಲಿ? ಮೊದಲು ಬದಲಾಯಿಸಿದವರು ಯಾರು? ಇನ್ನೊಬ್ಬರು ಅದನ್ನು ಗಮನಿಸಿದರೇ? ಜಗಳದಲ್ಲಿ ಮತ್ತೆ 'ನೀವು' ಬಂತೇ?

ಕಚೇರಿಯೊಂದರ ಎರಡು ಮಾತುಕತೆ ನೋಡಿ. ಮೊದಲನೆಯದು ಪರಿಚಯವಾದ ಹೊಸತರದ್ದು.

"ಸಾರ್, ಫೈಲ್ ನಿಮ್ಮ ಟೇಬಲ್ ಮೇಲಿಟ್ಟಿದ್ದೀನಿ."
"ಸರಿ. ಊಟ ಆಯ್ತಾ?"
"ಆಯ್ತು ಸಾರ್."

ಎರಡನೆಯದು ಕೆಲವು ತಿಂಗಳ ಆಮೇಲಿನದು.

"ಫೈಲ್ ಅಲ್ಲೇ ಇದೆ, ನೋಡಿ. ಇನ್ನೂ ಊಟ ಮಾಡ್ಲಿಲ್ವಾ?"
"ಮಾಡ್ತೀನಿ."
"ಮೂರು ಗಂಟೆ ಆಯ್ತು."

'ಸಾರ್' ಬಿದ್ದುಹೋಗಿದೆ, 'ನೀವು' ಉಳಿದಿದೆ. ಊಟದ ವಿಚಾರಣೆ ಅವನ ಬಾಯಿಂದ ಅವಳ ಬಾಯಿಗೆ ಬಂದಿದೆ, ಅವಳು ಗಡಿಯಾರವನ್ನೂ ನೋಡಿದ್ದಾಳೆ. ಪ್ರೀತಿ ಎಂಬ ಮಾತು ಎಲ್ಲೂ ಬಂದಿಲ್ಲ. ಈ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿಸಿದರೆ ನಿವೇದನೆಯ ದೃಶ್ಯಕ್ಕೆ ಅರ್ಧ ಕೆಲಸ ಮುಗಿದಂತೆ. ಅವಸರದಲ್ಲಿ ಎರಡನೇ ಭೇಟಿಗೇ 'ನೀನು' ತಂದವರ ಕೈಯಲ್ಲಿ ಮುಂದೆ ಇಳಿಸಲು ಮೆಟ್ಟಿಲೇ ಇರುವುದಿಲ್ಲ.

ಸಂಬಂಧದೊಳಗಿನ ಮದುವೆಯ ಕಥೆಗಳನ್ನು ಓದುವಾಗ ಇದು ಇನ್ನೂ ಸೂಕ್ಷ್ಮ. ಚಿಕ್ಕಂದಿನಿಂದ ಸೋದರತ್ತೆಯ ಮಗನನ್ನು 'ಬಾವ' ಎಂದು ಬಾಯಿತುಂಬ ಕರೆದವಳು, ಹಿರಿಯರು ಮದುವೆ ಮಾತೆತ್ತಿದ ದಿನದಿಂದ ಆ ಪದವನ್ನು ತಪ್ಪಿಸಲು ನೋಡುತ್ತಾಳೆ. ಕರೆಯಲು ಏನೂ ಸಿಗದೆ ಬಾಗಿಲಲ್ಲಿ ನಿಂತು ಬಳೆ ಸದ್ದು ಮಾಡುವ ಆ ಎರಡು ಸಾಲು, ಒಂದು ಪುಟದ ಮನೋವಿಶ್ಲೇಷಣೆಗಿಂತ ಹೆಚ್ಚು ಹೇಳುತ್ತದೆ.

ಪ್ರದೇಶವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಹಳೇ ಮೈಸೂರು ಕಡೆಯ ಮನೆಗಳಲ್ಲಿ ಹೆಂಡತಿ ಗಂಡನನ್ನು ಕರೆಯುವ 'ರೀ' ಸಲುಗೆಯದ್ದು. ಧಾರವಾಡದ ಕಡೆ 'ಹೌದ್ರಿ', 'ಬರ್ರಿ' ಎಲ್ಲರಿಗೂ ಹೇಳುವ ಮರ್ಯಾದೆ, ಅದರಲ್ಲಿ ಪ್ರೇಮದ ಸುಳಿವಿಲ್ಲ. ಮೈಸೂರಿನ ಪುಸ್ತಕದಿಂದ ಕಲಿತ ಸನ್ನೆಯನ್ನು ಹುಬ್ಬಳ್ಳಿಯ ಪಾತ್ರಕ್ಕೆ ಹಾಕಿದರೆ ಅಲ್ಲಿಯವರಿಗೆ ಅದು ತಟ್ಟುವುದೇ ಇಲ್ಲ.

'ನಾನು ನಿನ್ನನ್ನು ಪ್ರೀತಿಸುತ್ತೇನೆ' ಎಂಬ ವಾಕ್ಯವನ್ನು ಪಾತ್ರಗಳ ಬಾಯಲ್ಲಿ ಒಳ್ಳೆಯ ಲೇಖಕರು ಎಷ್ಟು ಕಡಿಮೆ ಹೇಳಿಸುತ್ತಾರೆ ಎಂದು ಎಣಿಸಿ. ಮಾತಿನ ಕನ್ನಡದಲ್ಲಿ ಅದು ಬರವಣಿಗೆಯಂತೆ ಕೇಳುತ್ತದೆ. ಅದರ ಬದಲು ಯಾವ ಮಾತು ಬಂದಿದೆ ಎಂದು ಪಟ್ಟಿ ಮಾಡಿಕೊಳ್ಳಿ: 'ನಮ್ಮನೇಲಿ ಮಾತಾಡ್ಲಾ?', 'ನೀನಿಲ್ದೆ ಆಗಲ್ಲ ಕಣೇ', 'ಹೋಗ್ಲೇಬೇಕಾ?'

ಆಸ್ಟಿನ್ ತಿದ್ದಿ ಬರೆದ ಕೊನೆ

ದೊಡ್ಡ ಲೇಖಕರು ಏನನ್ನು ಬಿಟ್ಟರು ಎಂದು ನೋಡುವ ಅವಕಾಶ ಅಪರೂಪಕ್ಕೆ ಸಿಗುತ್ತದೆ. 'ಪರ್ಸುಯೇಶನ್'ನ ಕೊನೆಯನ್ನು ಆಸ್ಟಿನ್ 1816ರ ಜುಲೈಯಲ್ಲಿ ಬರೆದು ಮುಗಿಸಿದರು, ಸಮಾಧಾನವಾಗಲಿಲ್ಲ, ಆಗಸ್ಟ್ ಹೊತ್ತಿಗೆ ಬೇರೆಯೇ ಬರೆದರು. ಕೈಬಿಟ್ಟ ಹಸ್ತಪ್ರತಿ ಉಳಿದಿದೆ, ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಕಾದಂಬರಿಯ ಹಲವು ಆವೃತ್ತಿಗಳಲ್ಲಿ ಅನುಬಂಧವಾಗಿ ಅಚ್ಚಾಗಿದೆ.

ಮೊದಲು ಬರೆದದ್ದರಲ್ಲಿ ವೆಂಟ್‌ವರ್ತ್‌ನ ಭಾವ ಅಡ್ಮಿರಲ್ ಕ್ರಾಫ್ಟ್ ನಾಯಕಿ ಆ್ಯನ್‌ಳನ್ನು ತಮ್ಮ ಬಿಡಾರಕ್ಕೆ ಕರೆದೊಯ್ಯುತ್ತಾರೆ. ಅವಳು ಬೇರೊಬ್ಬನನ್ನು ಮದುವೆಯಾಗುತ್ತಾಳಂತೆ, ನಿಜವೇ ಎಂದು ಕೇಳುವ ಕೆಲಸ ವೆಂಟ್‌ವರ್ತ್‌ನ ತಲೆಗೆ ಬೀಳುತ್ತದೆ. ಇಲ್ಲ ಎನ್ನುತ್ತಾಳೆ, ಇಬ್ಬರೂ ಒಂದಾಗುತ್ತಾರೆ. ಗೊಂದಲ ಬಿಡಿಸಿದ್ದು ಮೂರನೆಯವರು. ತಿದ್ದಿದ ಪಾಠದಲ್ಲಿ ಹೋಟೆಲಿನ ಕೋಣೆಯೊಂದರಲ್ಲಿ ಆ್ಯನ್, ಹಾರ್ವಿಲ್ ಎಂಬವನ ಜೊತೆ, ಹೆಣ್ಣು ಗಂಡುಗಳಲ್ಲಿ ಯಾರ ಪ್ರೀತಿ ಹೆಚ್ಚು ಕಾಲ ನಿಲ್ಲುತ್ತದೆಂದು ವಾದಿಸುತ್ತಾಳೆ. ಅಲ್ಲೇ ಕೂತು ಬೇರೇನೋ ಬರೆಯುತ್ತಿದ್ದ ವೆಂಟ್‌ವರ್ತ್‌ಗೆ ಅದು ಕೇಳಿಸುತ್ತದೆ, ಅವಳಿಗೊಂದು ಪತ್ರ ಬರೆದಿಡುತ್ತಾನೆ. ಎಂಟು ವರ್ಷ ಬಾಯಿ ಕಟ್ಟಿಕೊಂಡಿದ್ದ ಆ್ಯನ್ ತನ್ನ ಮನಸ್ಸನ್ನು ತಾನೇ ಹೇಳುತ್ತಾಳೆ, ಕೇಳಬೇಕಾದವನು ಕೇಳಿಸಿಕೊಳ್ಳುತ್ತಾನೆ.

ಎರಡನ್ನೂ ಅಕ್ಕಪಕ್ಕ ಇಟ್ಟು ಓದಿ. ಕೊನೆಯ ಬಾಗಿಲನ್ನು ಜೋಡಿಯೇ ತೆರೆಯಬೇಕು ಎಂಬುದು ಇದಕ್ಕಿಂತ ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ. ಗೆಳತಿಯೋ ತಾತನೋ ಬಂದು ಇಬ್ಬರನ್ನೂ ಕೂರಿಸಿ ಸತ್ಯ ಹೇಳುವ ಅಧ್ಯಾಯ ನಿಮ್ಮ ಕರಡಿನಲ್ಲಿದ್ದರೆ, ಅದನ್ನು ಮೊದಲು ತಿದ್ದಿ.

ಏನನ್ನು ಎತ್ತಿಕೊಳ್ಳಬಾರದು

ಹಳೆಯ ಪುಸ್ತಕಗಳಲ್ಲಿ ಹುಡುಗಿಯ ಕೆನ್ನೆಗೆ ಹೊಡೆದ ನಾಯಕ, ಬೇಡವೆಂದರೂ ಬೆನ್ನುಬಿದ್ದು ಕೊನೆಗೆ ಗೆದ್ದ ನಾಯಕ ಸಿಗುತ್ತಾರೆ. ಅಂಥ ದೃಶ್ಯ ನಿಮ್ಮಲ್ಲೂ ಗೀಟು ಹಾಕಿಸಿರಬಹುದು. ಆಗ ಎದೆ ಹೊಡೆದುಕೊಂಡದ್ದು ಯಾವುದಕ್ಕೆ ಎಂದು ಬಿಡಿಸಿ ನೋಡಿ. ಹೆಚ್ಚಾಗಿ ಅದು, ಅಷ್ಟು ದಿನ ಕಲ್ಲಿನಂತಿದ್ದವನು ಹತೋಟಿ ಕಳೆದುಕೊಂಡನಲ್ಲ ಎಂಬುದಕ್ಕೆ. ಹತೋಟಿ ತಪ್ಪುವುದನ್ನು ತೋರಿಸಲು ಕೈ ಎತ್ತಬೇಕಿಲ್ಲ, ಅವನು ಎಲ್ಲರೆದುರು ತಡವರಿಸಿದರೂ ಸಾಕು. ಪರಿಣಾಮವನ್ನು ತೆಗೆದುಕೊಳ್ಳಿ, ಹಿಂಸೆಯನ್ನು ಅಲ್ಲೇ ಬಿಡಿ. ನಾಯಕಿಯನ್ನು ಒಳ್ಳೆಯವಳಾಗಿಸಲು ಇನ್ನೊಬ್ಬ ಹೆಣ್ಣನ್ನು ಕೆಟ್ಟವಳಾಗಿಸುವುದೂ ಹೀಗೇ ಸುಲಭವಾಗಿ ಅಂಟುವ ಚಾಳಿ.

ಧಾರಾವಾಹಿಯಾಗಿ ಬಂದ ಪುಸ್ತಕಗಳಲ್ಲಿ ಅಧ್ಯಾಯದ ಮೊದಲ ಪ್ಯಾರಾ ಹಿಂದಿನ ವಾರದ ಕಥೆಯನ್ನು ನೆನಪಿಸುತ್ತದೆ, ಕೊನೆಯ ಸಾಲು ಒಂದು ಆಘಾತ ಕೊಡುತ್ತದೆ. ವಾರ ಕಾಯುವ ಓದುಗರಿಗೆ ಇವೆರಡೂ ಬೇಕಿತ್ತು. ಪ್ರತಿಲಿಪಿಯಂಥ ಆ್ಯಪ್‌ನಲ್ಲಿ ಕಂತು ಕಂತಾಗಿ ಬರೆಯುವವರಿಗೆ ಇವತ್ತಿಗೂ ಬೇಕು. ಒಂದೇ ಸಲ ಪುಸ್ತಕವಾಗಿ ಬರುವುದಕ್ಕೆ ಬೇಡ. ಅಲ್ಲಿ ಪ್ರತಿ ಅಧ್ಯಾಯಕ್ಕೂ ಆಘಾತ ಇಟ್ಟರೆ ಐದನೆಯದಕ್ಕೇ ಓದುಗರು ನಂಬುವುದನ್ನು ಬಿಡುತ್ತಾರೆ.

ಕದಿಯುವುದಕ್ಕೂ ಕಲಿಯುವುದಕ್ಕೂ ನಡುವಿನ ಗೆರೆಯನ್ನು ಕಾನೂನೂ ಎಳೆದಿದೆ. ಆರ್. ಜಿ. ಆನಂದ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1978ರಲ್ಲಿ ಹೇಳಿದಂತೆ ಕಲ್ಪನೆ, ವಸ್ತು, ಕಥಾಹಂದರಕ್ಕೆ ಕೃತಿಸ್ವಾಮ್ಯವಿಲ್ಲ. ಅದನ್ನು ಹೇಳಿದ ರೂಪ, ಜೋಡಣೆ, ಅಭಿವ್ಯಕ್ತಿಗೆ ಇದೆ. ಒಲ್ಲದ ಮದುವೆಯಾದ ಜೋಡಿ ಕ್ರಮೇಣ ಹತ್ತಿರವಾಗುವುದು ಯಾರ ಸ್ವತ್ತೂ ಅಲ್ಲ. ಒಬ್ಬರ ಪುಸ್ತಕದ ದೃಶ್ಯಗಳನ್ನು ಅದೇ ಸರದಿಯಲ್ಲಿ, ಅದೇ ಮಾತುಗಳ ನೆರಳಿನಲ್ಲಿ ಊರು ಹೆಸರು ಬದಲಿಸಿ ಇಡುವುದು ಅಪರಾಧ. ಒಂದು ದೃಶ್ಯದ ಕಟ್ಟುವಿಕೆ ಬಹಳ ಹಿಡಿಸಿದರೆ ಅದನ್ನು ಒಮ್ಮೆ ಕೈಯಲ್ಲಿ ನಕಲು ಬರೆಯಿರಿ, ಮಾರನೇ ದಿನ ಪುಸ್ತಕ ಮುಚ್ಚಿಟ್ಟು ಬೇರೆ ಪಾತ್ರ, ಬೇರೆ ಜಾಗ, ಬೇರೆ ಅಡ್ಡಿ ಇಟ್ಟು ಆ ಏರಿಳಿತವನ್ನು ಮಾತ್ರ ಬರೆಯಲು ನೋಡಿ. ಈ ಎರಡೂ ಹಾಳೆ ಅಭ್ಯಾಸಕ್ಕೆ ಮಾತ್ರ, ಕರಡಿಗೆ ಸೇರಬಾರದು.

ಕರಡಿಗೆ ಬಂದಾಗ

ಮೊದಲ ಕರಡು ನಡೆಯುವಷ್ಟು ಕಾಲ ಪ್ರೇಮ ಕಾದಂಬರಿ ಓದುವುದನ್ನು ನಿಲ್ಲಿಸಿ. ಪ್ರಬಂಧ, ಪ್ರವಾಸ ಕಥನ, ಆತ್ಮಕಥೆ ಓದಿ. ನೋಟ್‌ಬುಕ್ಕನ್ನೂ ತೆರೆಯಬೇಡಿ. ಬರೆಯುವಾಗ ಶೇಕಡಾ ಲೆಕ್ಕ ತಲೆಯಲ್ಲಿದ್ದರೆ ಪಾತ್ರಗಳು ವೇಳಾಪಟ್ಟಿಗೆ ನಡೆಯತೊಡಗುತ್ತವೆ.

ಕರಡು ಮುಗಿದು ಮೂರು ವಾರ ಕಳೆದ ಮೇಲೆ ಅದನ್ನು ಅಚ್ಚು ಹಾಕಿಸಿ, ಬೇರೆಯವರ ಪುಸ್ತಕವೆಂಬಂತೆ ಅದೇ ಆರು ಕಂಬಕ್ಕೆ ಇಳಿಸಿ. ನಾಲ್ಕನೇ ಕಂಬದಲ್ಲಿ ಒಂದೇ ಅಡ್ಡಿ ಮೂರು ಅಧ್ಯಾಯ ಒಂದೇ ರೀತಿ ಬಂದಿದ್ದರೆ ಅವುಗಳನ್ನು ಒಂದಾಗಿಸಿ. ಐದನೆಯದು ಖಾಲಿಯಿದ್ದ ದೃಶ್ಯಕ್ಕೆ ಒಬ್ಬರ ಬಗ್ಗೆ ಇನ್ನೊಬ್ಬರಿಗೆ ಗೊತ್ತಿರದ ಒಂದು ಸಂಗತಿ ಸೇರಿಸಿ. ದೊಡ್ಡ ರಹಸ್ಯವೇ ಬೇಕೆಂದಿಲ್ಲ, ಅವನು ತಿಂಗಳಿಗೊಮ್ಮೆ ಯಾರಿಗೆ ದುಡ್ಡು ಕಳಿಸುತ್ತಾನೆ ಎಂಬುದೂ ಸಾಕು. ಜೋಡಿ ಸತತ ನಾಲ್ಕು ಅಧ್ಯಾಯ ದೂರ ಇದ್ದರೆ ನಡುವೆ ಒಬ್ಬರ ಸುದ್ದಿ ಇನ್ನೊಬ್ಬರಿಗೆ ತಲುಪುವಂತೆ ಮಾಡಿ, ಅದೂ ಅರ್ಧ ಸುದ್ದಿ. ಕಣ್ಣು ಯಾರದೆಂಬ ಕಂಬದಲ್ಲಿ ಒಂದೇ ದೃಶ್ಯಕ್ಕೆ ಇಬ್ಬರ ಹೆಸರೂ ಬಿದ್ದಿದ್ದರೆ ಒಬ್ಬರದನ್ನು ಹೊಡೆದುಹಾಕಿ. ಇಬ್ಬರ ಮನಸ್ಸೂ ಒಟ್ಟಿಗೆ ಗೊತ್ತಾದ ದೃಶ್ಯದಲ್ಲಿ ಓದುಗರಿಗೆ ಊಹಿಸಲು ಏನೂ ಉಳಿಯುವುದಿಲ್ಲ. ಯಾರ ಮನಸ್ಸನ್ನು ಮುಚ್ಚಿಡಬೇಕೆಂಬ ಗೊಂದಲ ಬಂದರೆ, ಆ ದೃಶ್ಯದಲ್ಲಿ ಹೆಚ್ಚು ಕಳೆದುಕೊಳ್ಳುವವರ ಕಣ್ಣಿನಿಂದ ಹೇಳಿ, ಇನ್ನೊಬ್ಬರ ಕೈ, ಮಾತಿನ ನಡುವಿನ ಬಿಡುವು, ಕರೆಯುವ ರೀತಿ ಇಷ್ಟನ್ನೇ ಕಾಣಿಸಿ.